ಶುಂಠಿಯ ಮೇಲಿನ ಹುಲ್ಲು

ನಮ್ಮೂರು ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ತಿರುಗುವ ಕಡೆ, ಬೇಕರಿಯ ಪಕ್ಕ ನನ್ನ ಹೊಲಿಗೆ ಅಂಗಡಿ ಇತ್ತು. ಬಾಡಿಗೆ ಅಂಗಡಿ. ಗಂಡ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಆ ಅಂಗಡಿಯೇ ಹೊರತು ಸಂಬಂಧಿಕರಲ್ಲ. ಒಂದು ದಿನ ಅದರ ಮಾಲೀಕರು ಬಂದು ನಿಂತರು. "ಅಂಗಡಿ ಮಾರ್ಬುಡ್ತೀನಿ ಕಣಮ್ಮ. ಮೊದ್ಲು ನಿನ್ನೇ ಕೇಳ್ತಾ ಇವ್ನಿ. ಬರೋ ವರ್ಷದ ಮಳೆಗಾಲದ ಗಂಟ ಕಾಯ್ತೀನಿ, ಆಮೇಲೆ ನನ್ನ ಬೈಕಬ್ಯಾಡ" ಎಂದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಉಳಿತಾಯ ಮಾತ್ರ ಅರ್ಧ ದಾರಿಗೂ ಬರುವಂತಿರಲಿಲ್ಲ.

ಅಕ್ಕನ ಗಂಡ, ನನ್ನ ಭಾವ, ಗುರುಪುರದ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಿದ್ದರು. ನಮ್ಮ ಸೀಮೆಯಲ್ಲಿ ಶುಂಠಿಗೆ ದುಡ್ಡು ಹಾಕುವವರು ರೈತರಷ್ಟೇ ಅಲ್ಲ. ಮೇಷ್ಟ್ರು, ಮೆಡಿಕಲ್ ಸ್ಟೋರಿನವರು, ಬಸ್ ಕಂಡಕ್ಟರು, ಎಲ್ಲರೂ ಯಾರದೋ ಹೊಲದಲ್ಲಿ ಪಾಲು ಇಟ್ಟಿರುತ್ತಾರೆ. ಶುಂಠಿಯಲ್ಲಿ ಮಹಡಿ ಎಬ್ಬಿಸಿದವನ ಮನೆ ರಸ್ತೆಯಿಂದಲೇ ಕಾಣುತ್ತದೆ. ಮುಳುಗಿದವನು ಬಸ್ ಸ್ಟ್ಯಾಂಡಿಗೆ ಬಂದು ಹೇಳಿಕೊಳ್ಳುವುದಿಲ್ಲ. ನಾನೂ ನನ್ನ ಉಳಿತಾಯವನ್ನೆಲ್ಲ ಭಾವನ ಕೈಗಿಟ್ಟೆ. ರಸ್ತೆಯ ಕಡೆಯ ತುಂಡು ಅವರದು, ಹಿಂದಿನ ತುಂಡು ನನ್ನದು ಎಂದು ಮಾತಾಯಿತು. ಪತ್ರಗಿತ್ರ ಏನೂ ಇಲ್ಲ. ಅಕ್ಕನ ಮನೆಯಲ್ಲಿ ಪತ್ರ ಕೇಳುವುದು ಹೇಗೆ?

ಬೆಳೆ ಚೆನ್ನಾಗಿಯೇ ಬಂತು. ರೇಟು ಬರಲಿಲ್ಲ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಟಿವಿಯಲ್ಲಿ ಬರೀ ಸುಂಕದ ಸುದ್ದಿ. ಅಮೆರಿಕ ಸುಂಕ ಏರಿಸಿತು, ಚೀನಾ ತಿರುಗಿ ಏರಿಸಿತು, ನಮ್ಮವರು ಮಾತುಕತೆಗೆ ಹೋದರು, ಬಂದರು. ಅದು ನನ್ನ ಅಂಗಡಿಗೆ ತಗಲುವ ವಿಚಾರ ಎಂದು ನನಗೆ ಹೊಳೆದೇ ಇರಲಿಲ್ಲ. ಆದರೆ ಹುಣಸೂರಿನಲ್ಲಿ ಶುಂಠಿ ತೊಳೆಯುವ ಕಣದ ವ್ಯಾಪಾರಿ ಕೈ ಚೆಲ್ಲಿದ. ಗಡಿಯಲ್ಲಿ ಲಾರಿ ನಿಂತಿವೆ, ಹೊರಗಿನವರು ಆರ್ಡರು ಕೊಡುತ್ತಿಲ್ಲ, ಈಗ ಕಿತ್ತರೆ ಕಿತ್ತ ಕೂಲಿಯೂ ಹುಟ್ಟುವುದಿಲ್ಲ ಎಂದ.

"ಅಂಗಾರೆ ಕೀಳೋದೇ ಬ್ಯಾಡ ಬುಡು" ಎಂದರು ಭಾವ. "ನೆಲ್ದಾಗೇ ಇರ್ಲಿ. ಬ್ಯಾಂಕಲ್ಲಿ ಇದ್ದಂಗೆ ಕಣಮ್ಮಿ. ರೇಟು ಬಂದಾಗ ಕಿತ್ರಾಯ್ತು."

ಇದೇನೂ ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. ರೇಟಿಲ್ಲದ ವರ್ಷ ನಮ್ಮ ಕಡೆ ಎಲ್ಲರೂ ಮಾಡುವುದೇ ಹೀಗೆ. ಶುಂಠಿಯ ಗಿಡ ಒಣಗಿ ಬಿದ್ದುಹೋಗುತ್ತದೆ, ಗೆಡ್ಡೆ ಮಣ್ಣಿನೊಳಗೆ ಮಲಗಿರುತ್ತದೆ. ಮಡಿಗಳ ಮೇಲೆ ದಪ್ಪವಾಗಿ ಹುಲ್ಲು ಹಾಸಿ, ಆಗಾಗ ತೆಳ್ಳಗೆ ನೀರು ಕೊಟ್ಟರೆ ಮುಂದಿನ ಮಳೆಗಾಲದವರೆಗೂ ಕೆಡುವುದಿಲ್ಲ. ಹುಲ್ಲು ಮಾತ್ರ ಕದಲಿಸಬಾರದು, ಬಿಸಿಲು ತಾಗಿದರೆ ಗೆಡ್ಡೆ ಸುಕ್ಕುತ್ತದೆ. ಕೆ.ಆರ್. ನಗರದಿಂದ ಟ್ರ್ಯಾಕ್ಟರಿನಲ್ಲಿ ಭತ್ತದ ಹುಲ್ಲು ಬಂತು. ಪಕ್ಕದ ಹೊಲ ಹಿಡಿದಿದ್ದ ಮಾನಂದವಾಡಿಯ ಮಲಯಾಳಿಯೂ ತನ್ನ ಶುಂಠಿಯನ್ನು ಹಾಗೆಯೇ ಬಿಟ್ಟ.

ಭಾವನಿಗೆ ಇನ್ನೊಂದು ಗೀಳಿತ್ತು, ಫೋನಿನಲ್ಲಿ ಷೇರು. ಪಿರಿಯಾಪಟ್ಟಣದ ಗೆಳೆಯರ ಜೊತೆ ಸೇರಿ ಕಲಿತದ್ದು. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಫೋನು, ಅದರಲ್ಲಿ ಕೆಂಪು ಗೆರೆ, ಹಸಿರು ಗೆರೆ. ಸುಂಕದ ಸುದ್ದಿ ಬಂದ ಮೇಲೆ ಬರೀ ಕೆಂಪು. "ಇದೇನ್ ಭಾವ, ಫೋನಿಗೂ ಕೊಳೆರೋಗ ಬಂತಾ?" ಎಂದು ನಾನು ಗೇಲಿ ಮಾಡಿದರೆ ನಗುತ್ತಿದ್ದರು. ಎಷ್ಟು ಸಲೀಸಾಗಿ ನಗುತ್ತಿದ್ದರು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಡುವೆ ಒಂದು ವಾರ ದೇಶಗಳು ರಾಜಿಯಾಗುತ್ತವೆ ಎಂದು ಸುದ್ದಿಯಾಯಿತು. ಶುಂಠಿ ರೇಟು ದಿಢೀರನೆ ಎದ್ದಿತು. ಬೇಕರಿಗೆ ಟೀ ಕುಡಿಯಲು ಬಂದವರ ಬಾಯಲ್ಲೆಲ್ಲ ಅದೇ ಮಾತು. ನಾನು ಮೆಷಿನ್ನಿನ ಮುಂದಿನಿಂದಲೇ ಭಾವನಿಗೆ ಫೋನು ಮಾಡಿದೆ.

"ಕಿತ್ಬುಡಾಣ ಭಾವ. ಇಷ್ಟಕ್ಕೆ ನನ್ನ ಅಂಗಡಿ ಆಯ್ತದೆ."

"ಆತ್ರ ಬೀಳ್ಬ್ಯಾಡ. ಇನ್ನೂ ಏರ್ತದೆ. ಈಗ ಕಿತ್ತೋನು ಆಮೇಲೆ ತಲೆ ಮೇಲೆ ಕೈ ಒತ್ಕೊಂಡ್ ಕೂರ್ಬೇಕಾಯ್ತದೆ, ನೋಡ್ತಾ ಇರು."

ಅದು ಮದುವೆಗಳ ಕಾಲ. ಹೊಲಿಯಬೇಕಾದ ರವಿಕೆಗಳು ರಾಶಿ ಬಿದ್ದಿದ್ದವು. ನಾನು ಹೊಲದ ಕಡೆ ಹೋಗಲಾಗಲಿಲ್ಲ, ಹಿರಿಯರ ಮಾತು ಎಂದು ಸುಮ್ಮನಾದೆ. ಮುಂದಿನ ವಾರ ರಾಜಿ ಮುರಿದುಬಿತ್ತು. ರೇಟೂ ಬಿತ್ತು.

ಆಮೇಲೆ ನನಗೆ ನಿದ್ದೆ ಹತ್ತದಂತಾಯಿತು. ಆಳುಗಳಿಗೆ ಬಿಟ್ಟರೆ ನೀರು ಸರಿಯಾಗಿ ಹಾಯಿಸುವುದಿಲ್ಲ, ನಾನೇ ಬರುತ್ತೇನೆ ಎಂದೆ. ಭಾವ ಮೊದಲು ಬೇಡವೆಂದರು, ಆಮೇಲೆ ಒಪ್ಪಿದರು. ಬೇಸಿಗೆಯ ಪ್ರತಿ ಭಾನುವಾರ ಹುಣಸೂರು ಬಸ್ಸು ಹತ್ತಿ ಗುರುಪುರದಲ್ಲಿ ಇಳಿದು, ಅಕ್ಕನ ಮನೆಗೆ ಹೋಗುತ್ತಿದ್ದೆ. ಅಕ್ಕ ಡಬ್ಬಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು, "ಬಿಸ್ಲಾಗೆ ಒಸಿ ಉಸಾರು ಕಣಮ್ಮಿ" ಎಂದು ಕಳಿಸುತ್ತಿದ್ದಳು. ನಾನು ಮೋಟಾರು ಹಾಕಿ, ನೀರು ಚಿಮ್ಮುವ ಜೆಟ್ಟುಗಳನ್ನು ಒಂದೊಂದು ಮಡಿಗೂ ತಿರುಗಿಸಿ, ಹುಲ್ಲು ಒದ್ದೆಯಾಗುವುದನ್ನು ನೋಡುತ್ತ ಬದುವಿನಲ್ಲಿ ಕೂರುತ್ತಿದ್ದೆ. ಯುಗಾದಿಗೆ ಹೊಲಕ್ಕೆ ಪೂಜೆಯನ್ನೂ ಮಾಡಿದೆ. ಕಾಯಿ ಒಡೆದು, ಮಣ್ಣೊಳಗಿರುವ ನನ್ನ ಅಂಗಡಿಯನ್ನು ಕಾಪಾಡು ತಾಯಿ ಎಂದು ಬೇಡಿಕೊಂಡೆ. ಹುಲ್ಲನ್ನು ಒಂದು ಎಳೆಯೂ ಕದಲಿಸಲಿಲ್ಲ.

ಮೊದಲ ಮಳೆ ಚೆನ್ನಾಗಿ ಬಿತ್ತು. ನೆಲದಲ್ಲಿ ಬಿಟ್ಟ ಶುಂಠಿ ಮಳೆ ಕುಡಿದ ಮೇಲೆ ಸುಮ್ಮನಿರುವುದಿಲ್ಲ, ಹುಲ್ಲು ಸೀಳಿಕೊಂಡು ಮೊಳಕೆ ಎಬ್ಬಿಸುತ್ತದೆ. ಮುಂದಿನ ಭಾನುವಾರ ಹೋದಾಗ ಮಲಯಾಳಿಯ ಮಡಿಗಳೆಲ್ಲ ಹಸಿರು ಸೂಜಿ ಚುಚ್ಚಿದಂತೆ ಎದ್ದಿದ್ದವು. ನನ್ನ ಮಡಿಗಳಲ್ಲಿ ಅಲ್ಲೊಂದು, ಇಲ್ಲೊಂದು. ತಡವಾಗುತ್ತಿದೆ ಎಂದುಕೊಂಡು ವಾಪಸು ಬಂದೆ. ಮರುವಾರವೂ ಅಷ್ಟೇ. ಕೊಳೆತು ಹೋಯಿತೇನೋ ಎಂದು ಹೆದರಿದೆ. ಆಗ ಹುಲ್ಲು ಸರಿಸಿ, ಕೈಯಿಂದಲೇ ಮಣ್ಣು ಬಗೆದೆ. ಕೊಳೆತಿದ್ದರೆ ನಾರಬೇಕಿತ್ತು, ಸಿಪ್ಪೆಯಾದರೂ ಸಿಗಬೇಕಿತ್ತು. ಏನೂ ಇಲ್ಲ, ಬರೀ ಸಡಿಲ ಮಣ್ಣು. ಇನ್ನೊಂದು ಮಡಿ ಬಗೆದೆ, ಮತ್ತೊಂದು ಬಗೆದೆ.

ಪಕ್ಕದ ಹೊಲದಲ್ಲಿ ಕಾಡಂಚಿನ ಗಿರಿಜನರ ಹಾಡಿಯಿಂದ ಬಂದ ಹೆಂಗಸರು ಕಳೆ ಕೀಳುತ್ತಿದ್ದರು. ಅವರಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡಿದಳು.

"ಏನ್ ಉಡುಕ್ತಾ ಇದ್ದೀರಿ ಅಕ್ಕೋ? ಇದ ನಾವೇ ಆಗ್ಲೇ ಕಿತ್ತಿದ್ದೋ. ರೇಟು ಏರಿತ್ತಲ್ಲ, ಆ ವಾರ. ನಿಮಗ್ ಗೊತ್ತಿಲ್ವಾ?"

ಅವಳು ಮುಂದುವರಿಸಿದಳು: "ಕಿತ್ ಮ್ಯಾಲೆ ಯಾರಾರ ಹುಲ್ಲು ಹಾಸ್ತಾರಾ ಅಂತ ನಾವೆಲ್ಲ ನಗಾಡ್ದೋ. ನಿಮ್ಮಕ್ಕ ನಗ್ನಿಲ್ಲ. ಒಬ್ಳೇ ಅಷ್ಟೂ ಮಡಿಗೆ ಹಾಸ್ಕೊಂಡ್ ಬಂದ್ಲು."

ಕೈಗೆ ಮೆತ್ತಿದ್ದ ಮಣ್ಣನ್ನೂ ತೊಳೆಯದೆ ಅಕ್ಕನ ಮನೆಗೆ ಹೋದೆ. ಭಾವ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದರು. ನನ್ನ ಕೈ ನೋಡಿದವರೇ ಎಲ್ಲ ತಿಳಿದುಕೊಂಡರು. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ, ಪಾಠ ಬಂತು.

"ಎಲ್ಲಾ ಮಾರ್ಕೆಟ್ ಕಣಮ್ಮಿ. ಅವ್ರು ಸುಂಕ ಹಾಕುದ್ರು, ನನ್ನ ಷೇರೆಲ್ಲ ಬಿದ್ದೋದೊ. ಬಿದ್ದಾಗ ಇನ್ನಷ್ಟು ತಗಂಡ್ರೆ ಎದ್ದಾಗ ಎಲ್ಲಾ ಸರಿಹೋಯ್ತದೆ ಅಂತ ಎರಡೂ ತುಂಡಿನ ಶುಂಠಿ ದುಡ್ಡು ಅದ್ಕೆ ಹಾಕ್ದೆ. ನಿಂಗೇ ಜಾಸ್ತಿ ಕೊಡಾಣ ಅಂತ್ಲೇ ಇದ್ದೆ. ತಿರ್ಗಾ ಬಿತ್ತು. ದೊಡ್ ದೊಡ್ ದೇಶಗಳೇ ಕಿತ್ತಾಡ್ಕೊಂಡ್ರೆ ನಾನೇನ್ ಮಾಡಕ್ಕಾಯ್ತದೆ?"

ಸಿಟ್ಟಿಗೆ ನನ್ನ ಧ್ವನಿ ನನಗೇ ಬೇರೆಯವರದೆನಿಸಿತು. "ಭಾವ, ಸುಂಕ ಹಾಕ್ದೋನ ಮುಖ ನಾನು ಕಂಡಿಲ್ಲ. ಈ ಹ್ಯಾಂಡ್‌ಪೋಸ್ಟಲ್ಲಿ ನಾನೊಬ್ಳು ಇವ್ನಿ ಅಂತ ಅವನಿಗೂ ಗೊತ್ತಿಲ್ಲ. ಅವನು ನನಗೆ ಮೋಸ ಮಾಡಕ್ಕಾಗಲ್ಲ. ಖಾಲಿ ಮಡಿ ಮೇಲೆ ಹುಲ್ಲು ಹಾಕ್ಸಿ, ಅದಕ್ಕೆ ನನ್ನ ಕೈಲಿ ನೀರು ಉಯ್ಸುದ್ರಲ್ಲ, ಅದು ಯಾವ ದೇಶ ಮಾಡಿದ್ದು?"

ಅವರು ಮತ್ತೆ ಫೋನು ನೋಡತೊಡಗಿದರು. ಅಕ್ಕ ಒಳಗೆ ಡಬ್ಬಿಗೆ ರೊಟ್ಟಿ ತುಂಬುತ್ತಿದ್ದಳು. ಭಾನುವಾರವಲ್ಲವೇ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಹುಲ್ಲು ಹಾಸ್ದೋಳು ನೀನಾ?"

ಅವಳು ತಲೆ ಎತ್ತಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಹೇಳಿದಳು: "ನೀನೇ ಬಂದು ನೋಡ್ಕೊತೀನಿ ಅಂದಿದ್ದಲ್ಲ. ನಿನ್ನ ಮನ್ಸಿಗೆ ಒಸಿ ಸಮಾಧಾನ ಆಗ್ಲಿ ಅಂತ."

ಭಾವನ ಪಾಠವನ್ನು ನಾನು ಮರೆಯಬಲ್ಲೆ. ಈ ಮಾತನ್ನು ಮರೆಯಲಾರೆ, ಏಕೆಂದರೆ ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ನನಗೆ ನಿಜಕ್ಕೂ ಸಮಾಧಾನವಾಗುತ್ತಿತ್ತು. ಬೇಸಿಗೆಯಿಡೀ ಆ ಬದುವಿನಲ್ಲಿ ಕೂತು ಒದ್ದೆ ಹುಲ್ಲು ನೋಡಿದಷ್ಟು ನೆಮ್ಮದಿಯಾಗಿ ನಾನು ಎಲ್ಲಿಯೂ ಕೂತಿಲ್ಲ.

ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ನಾನು ಮನೆಯ ಮುಂದಿನ ಶೀಟಿನ ಕೆಳಗೆ ಹೊಲಿಯುತ್ತೇನೆ. ಮೊನ್ನೆ ಅಕ್ಕ ಯಾರ ಕೈಯಲ್ಲೋ ರವಿಕೆ ಬಟ್ಟೆ ಕಳಿಸಿದ್ದಳು, ಜೊತೆಗೆ ಒಂದು ಡಬ್ಬಿ. ಅವಳ ಅಳತೆ ನನಗೆ ಬಾಯಿಪಾಠ, ಹೊಲಿದುಕೊಟ್ಟೆ. ಡಬ್ಬಿಯನ್ನು ತೆರೆಯದೆ ಅದೇ ಕೈಯಲ್ಲಿ ವಾಪಸು ಕಳಿಸಿದೆ.