ಮೂವತ್ತೆಂಟು ಲಾಂಡ್ರಿಗಳ ಪ್ರಬಂಧ

ಕಾಲೇಜಿನ ಹುಡುಗರು ಅವರಿಗಿಟ್ಟಿದ್ದ ಹೆಸರು ಬೇಡಿಕೆ ಮೇಡಂ. ಹದಿನಾರು ವರ್ಷ ಅರ್ಥಶಾಸ್ತ್ರ ಕಲಿಸಿದ್ದ ಅವರು ಪ್ರತಿ ವರ್ಷ ಹೊಸ ತರಗತಿಗೆ ಕಾಲಿಟ್ಟ ಕೂಡಲೇ, ಹಾಜರಿಯನ್ನೂ ಕರೆಯದೆ, "ನಿಮಗೆಲ್ಲ ಏನು ಬೇಕು, ಒಬ್ಬೊಬ್ಬರೇ ಹೇಳಿ" ಎನ್ನುತ್ತಿದ್ದರು. ಒಬ್ಬ ಬೈಕು ಅನ್ನುತ್ತಿದ್ದ, ಇನ್ನೊಬ್ಬಳು ನಿದ್ದೆ ಅನ್ನುತ್ತಿದ್ದಳು. "ಬೇಕು ಅನ್ನೋದು ಬರೀ ಆಸೆ. ಅದಕ್ಕೆ ಏನು ಕೊಡೋಕೆ ತಯಾರಿದ್ದೀರಿ ಅನ್ನೋದು ಬೇಡಿಕೆ" ಎಂದು ಅಲ್ಲಿಂದ ಪಾಠ ಶುರು.

ಅವರಿಗೇ ಏನು ಬೇಕಿತ್ತು ಎಂದು ಯಾರೂ ಕೇಳಿರಲಿಲ್ಲ. ಅವರಿಗೆ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಕೂತು, ಪಠ್ಯಪುಸ್ತಕ ಮುಚ್ಚಿಟ್ಟು, ಬಜಾರನ್ನು ಕಣ್ಣಾರೆ ನೋಡಿ ಒಂದು ಪ್ರಬಂಧ ಬರೆಯಬೇಕಿತ್ತು. ನಲವತ್ಮೂರನೇ ವಯಸ್ಸಿನಲ್ಲಿ, ಕೆಲಸದಲ್ಲಿರುವ ಅಧ್ಯಾಪಕರಿಗೆಂದೇ ಇದ್ದ ಒಂದು ವರ್ಷದ ವಿದ್ಯಾರ್ಥಿವೇತನ ಸಿಕ್ಕಿತು. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. "ಕ್ಲಚ್ ನಿಧಾನ ಬಿಡು, ಆದ್ರೆ ಹೊರಟ ಮೇಲೆ ಸುಮ್ನೆ ಸುಮ್ನೆ ಬ್ರೇಕ್ ತುಳೀಬೇಡ" ಎಂದ. ಅತ್ತೆಯೋ ಇನ್ನೂ ಒಂದು ಹೆಜ್ಜೆ ಮುಂದೆ. "ನನ್ನನ್ನ ಏಳನೇ ಕ್ಲಾಸಿಗೇ ಬಿಡಿಸಿದ್ರು ಕಣೇ. ನೀನು ಹೋಗು. ನಿನ್ನ ಮಗಳ ಟಿಫನ್ ಡಬ್ಬಿ ನನಗೆ ಬಿಡು. ನಿನಗಿಂತ ಚೆನ್ನಾಗೇ ಮಾಡ್ತೀನಿ."

ಹೋದರು. ಮೊದಲ ವಾರದಲ್ಲೇ ಮುಖಭಂಗ. ಅವರ ಎಂ.ಎ. ಪದವಿ ಅಲ್ಲಿನ ಲೆಕ್ಕಕ್ಕೆ ಪೂರ್ತಿ ಬರುವುದಿಲ್ಲವಂತೆ. ಎರಡು ತಿಂಗಳ ಪೂರ್ವತಯಾರಿ ಕೋರ್ಸು ಕಡ್ಡಾಯ. ಮೀಸೆ ಸರಿಯಾಗಿ ಬಲಿಯದ ಒಬ್ಬ ಉಪನ್ಯಾಸಕ ಬೋರ್ಡಿನ ಮೇಲೆ ಬೇಡಿಕೆಯ ರೇಖೆ ಎಳೆದ. ಬೇಡಿಕೆ ಮೇಡಂ ಮುಂದಿನ ಬೆಂಚಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡೂ ಎಳೆಯಬಲ್ಲ ಆ ಗೆರೆಯನ್ನು ನೋಟ್ ಮಾಡಿಕೊಂಡರು. ಪರೀಕ್ಷೆಯಲ್ಲಿ "ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ" ಎಂದು ಬರೆದದ್ದಕ್ಕೆ ಪಕ್ಕದಲ್ಲಿ ಕೆಂಪು ಶಾಯಿ: "ಆಧಾರ ಎಲ್ಲಿ?" ಎರಡು ಅಂಕ ಹೋಯಿತು.

"ಹದಿನಾರು ವರ್ಷ ನಾನೇ ಆಧಾರ ಆಗಿದ್ದೆ ಕಣೇ" ಎಂದು ಅವರು ಅಡುಗೆಮನೆಯಲ್ಲಿ ಗೊಣಗಿಕೊಂಡದ್ದು ಪಕ್ಕದ ರೂಮಿನ ಹುಡುಗಿಯ ಮುಂದೆ. ನಾಲ್ಕು ರೂಮು, ಒಂದು ಅಡುಗೆಮನೆ, ಫ್ರಿಜ್ಜಿನ ಒಂದೊಂದು ಶೆಲ್ಫಿಗೂ ಒಂದೊಂದು ಹೆಸರಿನ ಚೀಟಿ ಇದ್ದ ಆ ಫ್ಲಾಟಿನಲ್ಲಿ ಕನ್ನಡ ಬರುತ್ತಿದ್ದವರು ಇವರಿಬ್ಬರೇ. ಹುಡುಗಿ ಬಿಸಿನೆಸ್ ಓದಲು ಬಂದವಳು, ಇಪ್ಪತ್ಮೂರರ ಪ್ರಾಯ, ಬಂದ ದಿನದಿಂದಲೇ ಇವರನ್ನು ಅಕ್ಕ ಎಂದವಳು.

"ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕ. ಇಲ್ಲಿ ಸೂರ್ಯ ಹುಟ್ಟಿದ ಅಂತ ಬರೆದ್ರೂ ಯಾರು ಹೇಳಿದ್ದು ಅಂತ ಕೇಳ್ತಾರೆ."

ಆ ಕಟ್ಟಡದ ಬಟ್ಟೆ ಒಗೆಯುವ ಮೆಷಿನ್ ಕೆಟ್ಟು ಕೂತಿದ್ದರಿಂದ ಮೇಡಂ ಎರಡು ಬೀದಿ ಆಚೆಯ ಲಾಂಡ್ರಿಗೆ ಹೋಗತೊಡಗಿದರು. ಒಂದೇ ಬಾಗಿಲಿನ ಅಂಗಡಿ, ಒಳಗೆಲ್ಲ ಹಬೆ, ಕಂಬಿಗೆ ತೂಗುಹಾಕಿದ ಕೋಟುಗಳ ಸಾಲು. ನಡೆಸುತ್ತಿದ್ದ ಹೆಂಗಸಿಗೆ ಅರವತ್ತು ದಾಟಿತ್ತು. ಅವಳೂ ಇನ್ಯಾವುದೋ ದೇಶದಿಂದ ಬಂದವಳು. ಇವರ ಇಂಗ್ಲಿಷು ಪುಸ್ತಕದ್ದು, ಅವಳದು ಗಲ್ಲಾಪೆಟ್ಟಿಗೆಯದ್ದು. ಆದರೂ ಮಾತು ಕುದುರಿತು. ಅವಳು ಇವರನ್ನು ಟೀಚರ್ ಎಂದೇ ಕರೆಯುತ್ತಿದ್ದಳು. ಆ ಊರಿನಲ್ಲಿ ಹಾಗೆ ಕರೆದವಳು ಅವಳೊಬ್ಬಳೇ.

ಒಂದು ದಿನ ಮೇಡಂ ಗೋಡೆಯ ದರಪಟ್ಟಿ ನೋಡಿದರು. ಬಣ್ಣ ಮಾಸಿ, ಅಂಚು ಸುರುಳಿ ಸುತ್ತಿತ್ತು.

"ಇದು ಯಾವಾಗಿನದು?"

"ಆರು ವರ್ಷ ಆಯ್ತು."

"ಕರೆಂಟು, ಸೋಪು, ಬಾಡಿಗೆ ಎಲ್ಲ ಏರಿದೆ. ನೀನು ಮಾತ್ರ ಯಾಕೆ ಏರಿಸಿಲ್ಲ?"

ಲಾಂಡ್ರಿಯ ಹೆಂಗಸು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಕಣ್ಣು ಮಿಟುಕಿಸಿದಳು. "ಬೋರ್ಡು ಮುಟ್ಟಿದ್ರೆ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರೆ ಟೀಚರ್. ದಿನ ಮುಟ್ಟಿದ್ರೆ ಯಾರೂ ಕೇಳಲ್ಲ. ಮೊದಲು ಒಂದೇ ದಿನದಲ್ಲಿ ಕೊಡ್ತಿದ್ದೆ. ಈಗ ಮೂರು ದಿನ. ಅರ್ಜೆಂಟ್ ಅಂದ್ರೆ ಬೇರೆ ರೇಟು, ಅದು ಬೋರ್ಡ್ ಮೇಲಿಲ್ಲ. ಎದುರಿನವನೂ ಹಾಗೇ ಮಾಡ್ತಾನೆ."

ಮೇಡಂ ತಮ್ಮ ಬಟ್ಟೆ ಅಲ್ಲೇ ಬಿಟ್ಟು ರೂಮಿಗೆ ಓಡಿದರು. ಬೆಲೆ ಏರಿರಲಿಲ್ಲ, ಕಾಯುವ ದಿನ ಏರಿತ್ತು! ಸರ್ಕಾರದ ಯಾವ ಪಟ್ಟಿಯಲ್ಲೂ ಕಾಣದ ಬೆಲೆಯೇರಿಕೆ ಇದು. ಹದಿನಾರು ವರ್ಷ ಇಂಥದ್ದೊಂದಕ್ಕೆ ಕಾದಿದ್ದರು. ಗೈಡ್ ಆಗಿದ್ದ ಪ್ರೊಫೆಸರ್‌ಗೆ ವಿಷಯ ಹೇಳಿದಾಗ, ವಯಸ್ಸಿನಲ್ಲಿ ಇವರಿಗಿಂತ ಎಂಟು ವರ್ಷ ಚಿಕ್ಕವರಾದ ಅವರು ಗಡಿಯಾರ ನೋಡುತ್ತಲೇ, "ಚೆನ್ನಾಗಿದೆ. ಸುತ್ತಾಡಿ ನೋಡಿ. ಎಥಿಕ್ಸ್ ಕಮಿಟಿಯ ಅರ್ಜಿ ಫಾರಂ ಕೂಡ ತುಂಬಿ" ಎಂದರು.

ಮೇಡಂ ಕಾಲಿಗೆ ಚಕ್ರ ಕಟ್ಟಿಕೊಂಡರು. ಐದು ವಾರ, ಕ್ಲಾಸು ಮುಗಿದ ಮೇಲೆ, ರಜಾದಿನಗಳಲ್ಲಿ, ಒಂದೊಂದೇ ಬೀದಿ. ಮೂವತ್ತೆಂಟು ಲಾಂಡ್ರಿ. ಕೌಂಟರಿಗೆ ಒರಗಿ, ಒಂದು ಅಂಗಿ ಕೊಟ್ಟು, ಮಾತಿಗೆಳೆಯುವುದು. ಒಬ್ಬ ಬಟ್ಟೆ ಮಡಚುತ್ತಲೇ ತನ್ನ ಬೆನ್ನುನೋವಿನ ಕಥೆ ಹೇಳಿ, ನಡುವೆ ಎಲ್ಲೋ ದಿನ ಎರಡರಿಂದ ನಾಲ್ಕಾದದ್ದನ್ನೂ ಹೇಳಿದ. ಇನ್ನೊಬ್ಬಳು, "ಟೈ ಕಟ್ಟಿದವರಿಗೆ ಒಂದು ದಿನ, ಕಟ್ಟದವರಿಗೆ ಮೂರು" ಎಂದು ನಕ್ಕಳು. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಅಂಗಡಿಯವರು ಬೋರ್ಡು ಮುಟ್ಟದೆ ದಿನ ಏರಿಸಿದ್ದರು. ನೋಟ್‌ಪುಸ್ತಕದ ಅರವತ್ತೊಂದು ಪುಟ ತುಂಬಿತು.

ಅದನ್ನು ಎದೆಗವಚಿಕೊಂಡು ಗೈಡ್ ಮುಂದೆ ಕೂತರು. ಅವರು ಎರಡು ಪುಟ ತಿರುವಿ ತಲೆಯೆತ್ತಿದರು.

"ಜನರನ್ನ ಪ್ರಶ್ನೆ ಕೇಳೋಕೆ ಎಥಿಕ್ಸ್ ಕಮಿಟಿಯ ಅನುಮತಿ ಬಂತಾ?"

"ಅರ್ಜಿ ಕೊಟ್ಟಿದ್ದೀನಿ. ನೀವೇ ಸುತ್ತಾಡಿ ನೋಡಿ ಅಂದ್ರಲ್ಲ ಸರ್?"

"ನೋಡಿ ಅಂದೆ. ಕೇಳಿ ಅನ್ನಲಿಲ್ಲ." ಅವರು ಪುಸ್ತಕ ಮುಚ್ಚಿ ಇವರ ಕಡೆ ತಳ್ಳಿದರು. "ಅನುಮತಿಗೆ ಮುಂಚೆ, ಜನರ ಸಹಿ ಇಲ್ಲದೆ ತಗೊಂಡ ಮಾಹಿತಿ ಇದು. ಇದನ್ನ ಬಳಸೋ ಹಾಗಿಲ್ಲ. ಇಟ್ಟುಕೊಳ್ಳೋ ಹಾಗೂ ಇಲ್ಲ."

ಮೇಡಂ ಪುಸ್ತಕವನ್ನು ಮತ್ತೆ ಅವರ ಕಡೆಗೇ ತಳ್ಳಿದರು. "ಸರ್, ಇದು ಬಟ್ಟೆ ಒಗೆಯೋ ವಿಷಯ. ಯಾರಿಗೆ ಏನು ತೊಂದರೆ?"

"ಅದನ್ನ ತೀರ್ಮಾನ ಮಾಡೋಕೇ ಕಮಿಟಿ ಇರೋದು."

ಆ ಸಂಜೆ ಹುಡುಗಿ ಹೇಳಿದಳು: "ಫೋಟೋ ತೆಗೆದಿಟ್ಕೊಳ್ಳಿ ಅಕ್ಕ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

ಕಾಪಿ ಹೊಡೆದ ಎಷ್ಟೋ ಮಕ್ಕಳನ್ನು ಪರೀಕ್ಷಾ ಹಾಲಿನಿಂದ ಎಬ್ಬಿಸಿ ಕಳಿಸಿದ್ದ ಕೈ ಅದು, ಫೋನು ಎತ್ತಲಿಲ್ಲ. ಮರುದಿನ ವಿಭಾಗದ ಕಚೇರಿಯಲ್ಲಿ, ನಾಶಪಡಿಸಬೇಕಾದ ಕಾಗದಗಳಿಗೆಂದು ಬೀಗ ಹಾಕಿಟ್ಟಿದ್ದ ಡಬ್ಬಿಯ ಸೀಳಿನೊಳಗೆ ಅರವತ್ತೊಂದು ಪುಟ ಹರಿದು ಹರಿದು ಹಾಕಿದರು. ಗುಮಾಸ್ತೆ ಒಂದು ರಸೀದಿ ಕೊಟ್ಟಳು. ಬೆನ್ನುನೋವಿನವನ ಪುಟ ಸೀಳಿನಲ್ಲಿ ಸಿಕ್ಕಿಕೊಂಡಾಗ ಸ್ಕೇಲಿನಿಂದ ತಳ್ಳಿ ಒಳಗೆ ಹಾಕಿದಳು.

ಅನುಮತಿ ಬರಲು ಏಳು ವಾರ ಹಿಡಿಯಿತು. ಅರ್ಜಿ ಎರಡು ಸಲ ವಾಪಸ್ ಬಂತು. ಮೊದಲ ಸಲ, ಒಪ್ಪಿಗೆ ಪತ್ರದ ಅಕ್ಷರ ಚಿಕ್ಕದಾಯಿತೆಂದು. ಎರಡನೇ ಸಲ, ಲಾಂಡ್ರಿ ದರದ ಬಗ್ಗೆ ಮಾತಾಡುವಾಗ ಅಂಗಡಿಯವರ ಮನಸ್ಸಿಗೆ ನೋವಾದರೆ ಯಾವ ಆಪ್ತಸಲಹೆಗಾರರ ನಂಬರು ಕೊಡುತ್ತೀರಿ ಎಂಬ ಜಾಗ ಖಾಲಿ ಬಿಟ್ಟಿದ್ದಾರೆಂದು. ಮೇಡಂಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನನ್ನ ಮನಸ್ಸಿಗೆ ನೋವಾಗಿದೆ, ನನಗ್ಯಾರು ನಂಬರ್ ಕೊಡ್ತಾರೆ?" ಎಂದು ಹುಡುಗಿಯ ಹತ್ತಿರ ರೇಗಿದರು. ಹುಡುಗಿ ನಂಬರು ಹುಡುಕಿ ತುಂಬಿಸಿದಳು.

ಆಮೇಲೆ ಮತ್ತೆ ಅದೇ ಬೀದಿಗಳು, ಕೈಯಲ್ಲಿ ಮೂರು ಪುಟದ ಒಪ್ಪಿಗೆ ಪತ್ರ. ಮೊದಲ ಸಲ ಕುರ್ಚಿ ಎಳೆದು ಕೂರಿಸಿದವರು ಈಗ ಮುದ್ರೆಯಿದ್ದ ಕಾಗದ ನೋಡಿ ಮುಖ ಗಂಟಿಕ್ಕಿದರು. ಬೆನ್ನುನೋವಿನವನು ಓನರ್ ಇಲ್ಲ ಎಂದ, ಓನರ್ ಅವನೇ. ಹಲವರು ಕೈಯಲ್ಲಾಡಿಸಿ ಕಳಿಸಿಬಿಟ್ಟರು. ಕೊನೆಗೆ ಸಹಿ ಸಿಕ್ಕಿದ್ದು ಹತ್ತೊಂಬತ್ತು ಅಂಗಡಿಗಳಲ್ಲಿ.

ಎಲ್ಲಕ್ಕಿಂತ ನಾಟಿದ್ದು ಮೊದಲನೆಯ ಲಾಂಡ್ರಿಯ ಹೆಂಗಸಿನ ಮಾತು. ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದು ಕೇಳಿದಳು: "ಇಷ್ಟು ದಿನ ಮಾತಾಡೋಕೆ ಬರ್ತಿದ್ದೆ. ಈಗ ಇದನ್ನ ಹಿಡ್ಕೊಂಡು ಬಂದಿದ್ದೀಯ. ನೀನು ಯಾರ ಕಡೆಯವಳು ಟೀಚರ್?"

"ಇದು ನಿನ್ನನ್ನ ಕಾಪಾಡೋಕೇ ಇರೋ ಕಾಗದ. ನಿನ್ನ ಹೆಸರು ಎಲ್ಲೂ ಬರಲ್ಲ."

"ಹೆಸರು ಬರಲ್ಲ ಅಂದ್ರೆ ಸಹಿ ಯಾಕೆ?"

ಮೇಡಂ ಆ ಮೂರು ಪುಟಗಳನ್ನು ತಿರುವಿ ತಿರುವಿ ನೋಡಿದರು. ಅವಳು ಇವರ ಮುಖ ನೋಡಿ, ಪಾಪ ಅನಿಸಿತೋ ಏನೋ, ಸಹಿ ಮಾಡಿದಳು. ಮೇಡಂ ಮುದ್ರಿತ ಪ್ರಶ್ನೆ ಓದಿದರು: ಬಟ್ಟೆ ವಾಪಸ್ ಕೊಡಲು ಸಾಮಾನ್ಯವಾಗಿ ಎಷ್ಟು ದಿನ?

"ಒಂದು ದಿನ" ಎಂದಳು ಹೆಂಗಸು, ನೆಟ್ಟಗೆ ನಿಂತು.

ಅವಳ ಹಿಂದಿನ ಕಂಬಿಯಲ್ಲಿ ಸೋಮವಾರದ ಚೀಟಿಯ ಕೋಟು ತೂಗುತ್ತಿತ್ತು. ಅಂದು ಗುರುವಾರ. ಮೇಡಂ ಆ ಚೀಟಿ ಓದಿದರು. ಆಮೇಲೆ "ಒಂದು" ಎಂದು ಬರೆದುಕೊಂಡರು. ಸಹಿ ಕೊಟ್ಟ ಹತ್ತೊಂಬತ್ತರಲ್ಲಿ ಹದಿನೇಳು ಅಂಗಡಿಯವರು ಒಂದೇ ದಿನ ಎಂದರು. ಕಾಗದದ ಮೇಲೆ ಆ ಊರಿನ ಲಾಂಡ್ರಿಗಳಲ್ಲಿ ಏನೂ ಬದಲಾಗಿರಲಿಲ್ಲ.

ಮೇಡಂ ಪಟ್ಟು ಬಿಡದೆ ಮತ್ತೆ ಗೈಡ್ ಬಳಿ ಹೋದರು. "ಗಿರಾಕಿಗಳ ಹತ್ತಿರ ರಸೀದಿ ಇರುತ್ತೆ ಸರ್. ಕೊಟ್ಟ ತಾರೀಕು, ವಾಪಸ್ ತಾರೀಕು ಎರಡೂ ಅದರಲ್ಲಿದೆ. ನಾನು ರಸೀದಿ ಸೇರಿಸ್ತೀನಿ."

"ಒಳ್ಳೇ ಯೋಚನೆ" ಎಂದರು ಅವರು, ನಿಜವಾಗಿಯೂ ಮೆಚ್ಚಿ. "ಆದ್ರೆ ಅದಕ್ಕೆ ಹೊಸ ಅರ್ಜಿ ಬೇಕು. ಕಮಿಟಿ ಸೇರೋದು ಮುಂದಿನ ತಿಂಗಳ ಹತ್ತಕ್ಕೆ."

"ನಾನು ಪ್ರಬಂಧ ಕೊಡಬೇಕಾಗಿರೋದು ನಾಲ್ಕಕ್ಕೆ."

"ಹೌದು." ಅವರು ಕೈಚೆಲ್ಲಿದರು. "ನಿಯಮ ನಾನು ಮಾಡಿದ್ದಲ್ಲ."

"ಸತ್ಯ ಏನು ಅಂತ ನನಗೆ ಗೊತ್ತಿದೆ ಸರ್!"

"ನಿಮಗೆ ಗೊತ್ತಿದ್ರೆ ಸಾಲದು. ತೋರಿಸಬೇಕು."

ಮರುದಿನ ಬೆಳಗ್ಗೆ ವಿಡಿಯೋ ಕಾಲಿನಲ್ಲಿ ಗಂಡ ಎಂದಿನಂತೆ, "ಹೋಗ್ಲಿ ಬಿಡು, ಎಲ್ಲ ಒಳ್ಳೇದಕ್ಕೇ" ಎಂದ. ಅಷ್ಟೇ, ಮೇಡಂ ಸಿಡಿದರು. "ಸಮಾಧಾನ ಬೇಡ ನನಗೆ! ಎಲ್ಲರೂ ಸಮಾಧಾನ ಹೇಳೋರೇ. ಒಂದು ಸಲ ನನ್ನ ಜೊತೆ ನೀವೂ ಸಿಟ್ಟು ಮಾಡ್ಕೊಳ್ಳಿ."

ಗಂಡ ತಬ್ಬಿಬ್ಬಾದ. ಆಮೇಲೆ ಕಲಿಯುವವರ ಮೇಲೆ ಎಂದೂ ದನಿ ಏರಿಸದ ಆ ಮನುಷ್ಯ, ಗಂಟಲು ಸರಿಮಾಡಿಕೊಂಡು, "ಹಾಳಾಗಿ ಹೋಗ್ಲಿ ಆ ಕಮಿಟಿ! ಅವರ ಬಟ್ಟೆಗೆಲ್ಲ ಕರೆ ಹತ್ತಲಿ! ತಿಂಗಳುಗಟ್ಟಲೆ ಕಾಯ್ಲಿ!" ಎಂದು ಕೂಗಿದ. ಹಿಂದಿನಿಂದ ಅತ್ತೆ, "ಯಾರಿಗೋ ಬೈತಿರೋದು? ತಾಳು, ನಾನೂ ಬರ್ತೀನಿ" ಎಂದದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ ಮೇಡಂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಪ್ರಬಂಧ ಹೊತ್ತಿಗೆ ಸರಿಯಾಗಿ ಕೊಟ್ಟರು. ನೂರಕ್ಕೆ ಐವತ್ತೆಂಟು ಬಂತು, ಡಿಗ್ರಿಗೆ ಅಷ್ಟು ಸಾಕಾಯಿತು. ಪರೀಕ್ಷಕರ ಟಿಪ್ಪಣಿ ಎರಡೇ ಸಾಲು: ಮಾದರಿ ಚಿಕ್ಕದು, ವೆಚ್ಚ ಏರಿದರೂ ಬೆಲೆ ಏಕೆ ಏರಲಿಲ್ಲ ಎಂಬುದಕ್ಕೆ ಲೇಖಕಿ ಕಾರಣ ಕೊಟ್ಟಿಲ್ಲ. ಮೇಡಂ ಆ ಎರಡನೇ ಸಾಲನ್ನು ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ನಾಲ್ಕು ಸಲ ಓದಿದರು.

ಹೊರಡುವ ವಾರ, ಕೊನೆಯ ಗಂಟು ತರಲು ಲಾಂಡ್ರಿಗೆ ಹೋದಾಗ ಹೆಂಗಸು ತಾನಾಗಿ ಕೇಳಿದಳು: "ನಮ್ಮ ಬಗ್ಗೆ ಏನು ಬರೆದೆ ಟೀಚರ್?"

"ಒಂದೇ ದಿನದಲ್ಲಿ ಬಟ್ಟೆ ಕೊಡ್ತೀಯ ಅಂತ ಬರೆದೆ."

ಅವಳು ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ, ಸುಳ್ಳು ಬರೆದುಬಿಟ್ಯಲ್ಲ!"

"ನೀನೇ ಹೇಳಿದ್ದು!"

"ಅದು ಕಾಗದಕ್ಕೆ ಹೇಳಿದ್ದು. ನಿನಗೆ ಮೊದಲೇ ಹೇಳಿದ್ದೆನಲ್ಲ."

ಮೇಡಂಗೆ ರೇಗಿತು. ಅವಳ ಮೇಲಲ್ಲ, ಆದರೆ ಎದುರಿಗೆ ಇದ್ದವಳು ಅವಳೊಬ್ಬಳೇ. "ನಿನ್ನ ಆ ಒಂದು ದಿನದಿಂದ ನನ್ನ ಒಂದು ವರ್ಷ ಹೋಯ್ತು" ಎಂದರು ಕನ್ನಡದಲ್ಲಿ. ಅರ್ಥವಾಗದಿದ್ದರೂ ಹೆಂಗಸಿನ ನಗು ನಿಂತಿತು. ಬಟ್ಟೆಯನ್ನು ಎರಡು ಸಲ ಮಡಚಿ, ಎಂದೂ ಹಾಕದ ದಪ್ಪ ಕಾಗದದಲ್ಲಿ ಸುತ್ತಿ ಕೊಟ್ಟಳು.

ಊರಿಗೆ ಮರಳಿದ ಮೇಲೆ ಪ್ರಿನ್ಸಿಪಾಲರು, "ಫಾರಿನ್ ಡಿಗ್ರಿಗೆ ತತ್ಸಮಾನ ಪ್ರಮಾಣಪತ್ರ ಬೇಕಲ್ಲ ಮೇಡಂ, ಅದಿಲ್ದೆ ಸರ್ವಿಸ್ ಬುಕ್ಕಲ್ಲಿ ಹೇಗೆ ಏರಿಸೋದು?" ಎಂದರು. ಅದಕ್ಕೊಂದು ಕಮಿಟಿ ಇದೆಯಂತೆ. ಅರ್ಜಿ ಕೊಟ್ಟು ಎಂಟು ತಿಂಗಳಾಯಿತು. ಮೇಡಂ ಎರಡು ವಾರಕ್ಕೊಮ್ಮೆ ಆ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಹೋದ ಸಲ ಗುಮಾಸ್ತ, "ಸುಮ್ನೆ ಯಾಕೆ ಅಲೀತೀರಿ ಮೇಡಂ, ಆದಾಗ ಫೋನ್ ಮಾಡ್ತೀವಿ" ಎಂದಿದ್ದಾನೆ.

"ಪರವಾಗಿಲ್ಲ" ಎಂದು ಅವರು ಚೀಲದಿಂದ ಉತ್ತರಪತ್ರಿಕೆಗಳ ಕಟ್ಟು ತೆಗೆದು, ಅಲ್ಲೇ ತಿದ್ದಲು ಕೂತರು.