ನೂರಕ್ಕೆ ಐದು ಕೊಸರು

ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗ ನಿಂತುಹೋದ ಉದ್ದನೆಯ ಶೆಡ್ಡೊಂದಿದೆ. ಈಗ ಅದರಲ್ಲಿ ಆರು ಒಲೆಗಳು. ಬೆಳಗಿನ ಐದಕ್ಕೆ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಹನ್ನೊಂದರ ತನಕ ನಿಲ್ಲುವುದಿಲ್ಲ. ಈ ಒಲೆಗಳ ಒಡತಿ ಶಟ್ಟೆವ್ವ. ವಯಸ್ಸು ಕೇಳಿದರೆ, ಕಾರ್ಡಿನಾಗ ಐವತ್ತೆರಡು ಐತಿ ಎನ್ನುತ್ತಾಳೆ. ತನ್ನ ಮಾತು ಬೇರೆ, ಕಾರ್ಡಿನ ಮಾತು ಬೇರೆ ಎನ್ನುವ ಹಾಗೆ.

ಗಂಡ ತೀರಿದ ವರ್ಷ ಅತ್ತೆ ಕರೆವ್ವನ ಜೊತೆ ಪಡಸಾಲೆಯಲ್ಲಿ ಒಂದು ಒಲೆ ಹೂಡಿ, ಮದುವೆ ಮನೆಗಳಿಗೆ ಕಡಕ್ ರೊಟ್ಟಿ ಮಾಡಿಕೊಡಲು ಶುರು ಮಾಡಿದಳು. ಕರೆವ್ವ ಸೊಸೆಗೆ ಕಲಿಸಿದ್ದು ಎರಡೇ ಸಂಗತಿ. ರೊಟ್ಟಿಯ ಅಂಚು ನಡುವಿಗಿಂತ ದಪ್ಪ ಇರಬಾರದು. ನೂರು ಎಣಿಸಿದ ಮೇಲೆ ಐದು ಕೊಸರು ಇಡಬೇಕು. ಒಣ ರೊಟ್ಟಿ ದಾರಿಯಲ್ಲಿ ಮುರಿಯುತ್ತದೆ, ಪಂಕ್ತಿಯ ಕೊನೆಗೆ ಕುಳಿತವನ ಎಲೆಗೆ ಚೂರು ಬೀಳಬಾರದು, ಇದು ಮುದುಕಿಯ ಲೆಕ್ಕ. ನಿಜವಾಗಿ ಎಷ್ಟು ಮುರಿದವು ಎಂದು ಶಟ್ಟೆವ್ವ ಯಾರನ್ನೂ ಕೇಳಿದವಳಲ್ಲ. ಅತ್ತೆ ಹೋದ ಮೇಲೂ ಅವಳ ಕೈ ನೂರಕ್ಕೆ ನಿಲ್ಲಲಿಲ್ಲ, ನೂರೈದಕ್ಕೇ ನಿಂತಿತು.

ಮುಂದೆ ಸವದತ್ತಿಯ ಒಂದು ಖಾಸಗಿ ವಸತಿ ಶಾಲೆ ಸಿಕ್ಕಿತು. ಮೂರು ವರ್ಷ ರಜೆ ಬಿಟ್ಟು ಉಳಿದ ದಿನವೆಲ್ಲ ರೊಟ್ಟಿ ಹೋಯಿತು. ಒಲೆ ಒಂದು ಇದ್ದದ್ದು ಆರಾಯಿತು, ಹೆಂಗಸರು ಒಂಬತ್ತಾದರು. ಈ ಜೂನ್‌ನಲ್ಲಿ ಶಾಲೆಯವರು ರೊಟ್ಟಿ ಮಾಡುವ ಮಶೀನು ತಂದರು, ಶಟ್ಟೆವ್ವನಿಗೆ ಒಂದು ಶಾಲು ಹೊದಿಸಿ ಕಳುಹಿಸಿದರು. ಶಾಲೆ ಇಲ್ಲದಿದ್ದರೆ ಮದುವೆಯ ಹಂಗಾಮು ಮಾತ್ರ. ದೀಪಾವಳಿ ಮುಗಿದರೆ ಈ ಒಂಬತ್ತು ಮಂದಿ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯಲು ಹೋಗಬೇಕು. ಅವರಲ್ಲೊಬ್ಬಳು ರೇಣು. ಮೊದಲೆಲ್ಲ ಕಬ್ಬಿಗೆ ಹೋದವಳು. ಅವಳ ಇಬ್ಬರು ಮಕ್ಕಳಿಗೆ ಆಗ ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ತಪ್ಪುತ್ತಿತ್ತು.

ಅಷ್ಟರಲ್ಲಿ ಸರ್ಕಾರಿ ವಸತಿ ನಿಲಯಗಳಿಗೆ ಒಂದು ವರ್ಷ ಜೋಳದ ರೊಟ್ಟಿ ಪೂರೈಸುವ ಟೆಂಡರ್ ಬಂತು. ಸುದ್ದಿ ಹೇಳಿದವನು ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟಿರುವ ಸಾಗರ. ಅವನು ಹೇಳಿದ ಕಾಗದಗಳನ್ನು ಕೂಡಿಸಲು ಇಪ್ಪತ್ತು ದಿನ ಹಿಡಿಯಿತು. ಆಹಾರ ಪರವಾನಗಿ, ಬೋರಿನ ನೀರಿನ ಪರೀಕ್ಷೆ, ಒಂಬತ್ತೂ ಮಂದಿಯ ಆರೋಗ್ಯ ಪ್ರಮಾಣಪತ್ರ, ಕಪ್ಪುಪಟ್ಟಿಗೆ ಸೇರಿಲ್ಲವೆಂದು ಛಾಪಾ ಕಾಗದದ ಮೇಲೆ ಪ್ರಮಾಣ. ಡಿಜಿಟಲ್ ಸಹಿಯ ಬೆರಳುದ್ದದ ಡಬ್ಬಿಯನ್ನು ಶಟ್ಟೆವ್ವ ಎಲೆ ಅಡಿಕೆಯ ಸಂಚಿಯಲ್ಲಿಟ್ಟಳು. ಪ್ರತಿ ಸಲವೂ ಸಾಗರ ಅದರ ಸುಣ್ಣ ಒರೆಸಿಯೇ ಕಂಪ್ಯೂಟರಿಗೆ ಸಿಕ್ಕಿಸಬೇಕಾಯಿತು.

ಕೊನೆಯದು ಅನುಭವದ ಪತ್ರ. ವಸತಿ ಶಾಲೆಯ ವಾರ್ಡನ್ ಮಹಾನಂದಾ ಮೂರು ವರ್ಷದ ರಜಿಸ್ಟರ್ ಕೂಡಿಸಿ ಬರೆದುಕೊಟ್ಟಳು: ಎರಡು ಲಕ್ಷ ಐವತ್ತೆರಡು ಸಾವಿರ ರೊಟ್ಟಿ. ಶಟ್ಟೆವ್ವನ ಬಿಲ್ಲುಗಳಲ್ಲಿದ್ದದ್ದು ಎರಡು ಲಕ್ಷ ನಲವತ್ತು ಸಾವಿರ. ಎರಡನ್ನೂ ಸಾಗರ ಹಾಗೇ ಏರಿಸಿದ.

ವಾರದಲ್ಲಿ ಇಲಾಖೆಯಿಂದ ಪ್ರಶ್ನೆ ಬಂತು. ಬಿಲ್ಲಿಲ್ಲದ ಹನ್ನೆರಡು ಸಾವಿರ ರೊಟ್ಟಿಗೆ ಮೂರು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲವಾದರೆ ಅರ್ಜಿ ತಿರಸ್ಕೃತ.

ಸಾಗರನಿಗೆ ದಾರಿ ಸುಲಭವಾಗಿ ಕಂಡಿತು. ವಾರ್ಡನ್ ಎಣಿಸುವಾಗ ತಪ್ಪಿದ್ದಾರೆ ಎಂದು ಎರಡು ಸಾಲು ಬರೆದರೆ ಮುಗಿಯಿತು, ಹೇಗೂ ಆ ಶಾಲೆಯ ಋಣ ಹರಿದಿದೆ ಎಂದ. ಶಟ್ಟೆವ್ವ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದಳು.

“ಆಕಿ ದಿನಾ ಬುಟ್ಟಿ ಮುಂದ ಕುಂತು ಎಣಸ್ಯಾಳೋ ತಮ್ಮಾ. ಆಕೀದು ತಪ್ಪು ಅಂತ ನಾ ಹೆಂಗ ಬರೀಲಿ?”

“ಹಂಗಾದ್ರ ಟೆಂಡರ್ ಹೋಗತೈತಿ ನೋಡ ಅವ್ವಾ.”

ಮರುದಿನ ಬಸ್ಸು ಹತ್ತಿ ಸವದತ್ತಿಗೆ ಹೋದಳು. ಮಹಾನಂದಾ ಮೊದಲು ಸಿಟ್ಟಾದಳು, ತನ್ನ ಎಣಿಕೆಯನ್ನು ಇಷ್ಟು ವರ್ಷ ಯಾರೂ ಕೇಳಿಲ್ಲ ಎಂದಳು. ಆಮೇಲೆ ಕಪಾಟಿನಿಂದ ರಜಿಸ್ಟರ್ ಇಳಿಸಿ ಮೇಜಿನ ಮೇಲೆ ಒಗೆದಳು. ಪ್ರತಿ ಸಾಲಿನ ಕೊನೆಗೆ, ಷರಾ ಎಂದಿದ್ದ ಅಂಕಣದಲ್ಲಿ ಸಣ್ಣ ಅಕ್ಷರ: ಚೂರು ಹನ್ನೆರಡು. ಚೂರು ಹದಿನಾರು. ಚೂರು ಇಲ್ಲ. ಬಂದದ್ದನ್ನೂ ಮುರಿದದ್ದನ್ನೂ ಮಹಾನಂದಾ ಒಂದು ದಿನ ಬಿಡದೆ ಬರೆದಿದ್ದಳು. ಶಟ್ಟೆವ್ವ ಆ ಅಂಕಣದ ಮೇಲೆ ಸಾಲು ಸಾಲಾಗಿ ಬೆರಳಾಡಿಸಿದಳು. ಮೂರು ವರ್ಷದ ಪುಟಗಳನ್ನೂ ಜೆರಾಕ್ಸ್ ಮಾಡಿಸಿದಳು. ಅದೇ ಒಂದು ಬುಟ್ಟಿಯಷ್ಟಾಯಿತು.

ಅದನ್ನು ಗಂಟು ಕಟ್ಟಿಕೊಂಡು ಇಲಾಖೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದ.

“ಹನ್ನೆರಡು ಸಾವಿರ ರೊಟ್ಟಿ ಎಲ್ಲಿ ಹೋದ್ವು?”

“ಎಲ್ಲೂ ಹೋಗಿಲ್ರಿ ಸಾಹೇಬ್ರ. ಹುಡುಗ್ರು ಉಂಡಾರ.”

“ಬಿಲ್ಲು?”

“ಕೊಸರಿಗೆ ಯಾರು ಬಿಲ್ ಹಾಕ್ತಾರ್ರಿ?”

ಅಧಿಕಾರಿ ನಗಲಿಲ್ಲ. ಟೆಂಡರಿನ ಷರತ್ತುಗಳಲ್ಲಿ ಒಂದನ್ನು ಓದಿ ಹೇಳಿದ. ಮಾಲು ಪಡೆಯುವ ಸಂಸ್ಥೆಗೆ ಪುಕ್ಕಟೆಯಾಗಿ ಏನನ್ನೂ ಕೊಡತಕ್ಕದ್ದಲ್ಲ. ಅದರ ಕೆಳಗೆ ಶಟ್ಟೆವ್ವನ ಸಹಿ ಇತ್ತು. ಕೊಸರು ಕೊಡುವವಳು ಎಂದು ಅವಳೇ ಹೇಳಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ ಎಂದೂ ಹೇಳಿದ.

ಶಟ್ಟೆವ್ವ ಜೆರಾಕ್ಸಿನ ಗಂಟು ಬಿಚ್ಚಿ ಮುಂದಿಟ್ಟಳು.

“ಪುಕ್ಕಟೆ ಅಲ್ರೀ ಇದು. ಮುರದದ್ದಕ್ಕ ಬದಲಿ. ನಮ್ಮತ್ತಿ ಅದಕ್ಕ ಇಡಸ್ತಿದ್ಲು. ನೋಡ್ರಿ, ಬರದಾರ.”

ಅಧಿಕಾರಿ ಪುಟ ತಿರುವಿದ. ಕ್ಯಾಲ್ಕುಲೇಟರ್ ತೆಗೆದು ಕೂಡಿಸಿದ. ಚಹಾ ಬಂದು ಆರಿತು. ಮುರಿದವು ಒಂಬತ್ತು ಸಾವಿರದ ಏಳುನೂರು ಚಿಲ್ಲರೆ ಬಂದವು. ಉಳಿದ ಎರಡು ಸಾವಿರ ಚಿಲ್ಲರೆಯ ಕಥೆ ಏನು ಎಂದು ಕೇಳಿದ. ಇಟ್ಟದ್ದು ಬದಲಿಗೇ, ಕೆಲವು ದಿನ ಅಷ್ಟು ಮುರಿಯಲಿಲ್ಲ, ಅದಕ್ಕೆ ತಾನೇನು ಮಾಡಲಿ ಎಂದಳು. ಆಗ ಮಾತ್ರ ಅವನ ಮೀಸೆ ಸ್ವಲ್ಪ ಅಲುಗಿತು.

ಷರತ್ತುಗಳಲ್ಲಿ ಇನ್ನೊಂದು ಇತ್ತು: ಸಾಗಣೆಯಲ್ಲಿ ಹಾಳಾದ ಮಾಲಿಗೆ ಸರಬರಾಜುದಾರರೇ ಬದಲಿ ಕೊಡತಕ್ಕದ್ದು. ಆ ಷರತ್ತಿನ ಸಂಖ್ಯೆ ಹಾಕಿ ವಿವರಣೆ ಬರೆಯಲು ಹೇಳಿದ, ತೀರ್ಮಾನ ಸಮಿತಿಯದು ಎಂದ. ಸಾಗರ ಅಂದೇ ಸಂಜೆ ಬರೆದು ಏರಿಸಿದ. ಸಮಿತಿ ಒಪ್ಪಿತು. ಟೆಂಡರ್ ಹಾಕಿದ್ದ ಉಳಿದಿಬ್ಬರಿಗಿಂತ ಶಟ್ಟೆವ್ವನ ದರ ಕಡಿಮೆ ಇತ್ತು, ಕರಾರು ಅವಳಿಗಾಯಿತು. ಅದರಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ಮುರಿದ ರೊಟ್ಟಿಯನ್ನು ಎಣಿಸಿ ಮರಳಿಸಿದ ಮೇಲೆ ಅಷ್ಟಕ್ಕೆ ಮಾತ್ರ ಬದಲಿ, ಹೆಚ್ಚಿನದನ್ನು ಸ್ವೀಕರಿಸುವುದಿಲ್ಲ.

ಈಗ ಬೆಳಿಗ್ಗೆ ಬುಟ್ಟಿಗಳು ತೌಸೀಫನ ಆಟೋದಲ್ಲಿ ಹೋಗುತ್ತವೆ. ನೂರರ ಕಟ್ಟು ಬೇರೆ, ಐದರ ಕಟ್ಟು ಬೇರೆ. ನಿಲಯದ ಬಾಗಿಲಲ್ಲಿ ಎಣಿಕೆ ನಡೆಯುತ್ತದೆ. ಎರಡು ಮುರಿದಿದ್ದರೆ ಎರಡು ಒಳಗೆ, ಮೂರು ವಾಪಸ್. ಮೊದಲ ದಿನ ವಾಪಸಾದ ರೊಟ್ಟಿ ಕಂಡು ಶಟ್ಟೆವ್ವನಿಗೆ ಊಟ ಸೇರಲಿಲ್ಲ. ಕೊಟ್ಟದ್ದು ತಿರುಗಿ ಬಂದದ್ದು ಇದೇ ಮೊದಲು.

ದೀಪಾವಳಿ ಮುಗಿಯಿತು. ಕಬ್ಬಿನ ಗ್ಯಾಂಗಿನ ಲಾರಿ ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆಯಿತು, ಶೆಡ್ಡಿನಿಂದ ಯಾರೂ ಏಳಲಿಲ್ಲ. ಹನ್ನೊಂದಕ್ಕೆ ತೌಸೀಫ್ ಖಾಲಿ ಬುಟ್ಟಿ ಇಳಿಸಿದ, ತಳದಲ್ಲಿ ವಾಪಸಾದ ರೊಟ್ಟಿಗಳಿದ್ದವು, ಚೂರೂ ಇದ್ದವು. ಒಂಬತ್ತು ಮಂದಿ ಒಲೆ ಆರಿಸಿ ಶೇಂಗಾ ಚಟ್ನಿ, ಮೊಸರು ಇಟ್ಟುಕೊಂಡು ಸುತ್ತ ಕುಳಿತರು. ತೌಸೀಫನೂ ಕುಳಿತ.

“ಇಷ್ಟು ವರ್ಷ ಊರಿಗೆಲ್ಲಾ ಕೊಸರು ಕೊಟ್ಟಿ,” ಎಂದಳು ರೇಣು, “ನಮಗ ಬಂದದ್ದು ಈಗ ನೋಡ ಯಕ್ಕಾ.”

ಶಟ್ಟೆವ್ವ ಅವಳ ತಾಟಿಗೆ ಇಡೀ ರೊಟ್ಟಿ ಇಟ್ಟು, ಚೂರನ್ನು ತನ್ನ ಕಡೆ ಎಳೆದುಕೊಂಡಳು.