ಸೊಣ್ಣಪ್ಪನ ಇರವೈ

ನಮ್ಮ ದೊಡ್ಡಪ್ಪ ಸೊಣ್ಣಪ್ಪನನ್ನು ಜಿಂಕೆ ಕಳ್ಳ ಅಂದವರನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಂಗಲಿಯಾಚೆ ಸರ್ಕಾರ ಶಿಕಾರಿ ನಿಲ್ಲಿಸಿದ ಹುಲ್ಲುಗಾವಲೊಂದಿತ್ತು. ಹನ್ನೆರಡು ವರ್ಷ ಅದರ ಗಾರ್ಡ್ ಆಗಿದ್ದವನು ಅವನು. ಜಿಂಕೆ ಮರಿಯೊಂದು ಕುಂಟಿದರೂ ಮನೆಗೆ ಬಂದು ದೊಡ್ಡಮ್ಮ ಅಂಜಮ್ಮನ ಹತ್ತಿರ ಗೊಣಗುತ್ತಿದ್ದ. ಅಲ್ಲಿನ ಕೃಷ್ಣಮೃಗಗಳು ವರ್ಷ ವರ್ಷಕ್ಕೆ ಕರಗುತ್ತಿದ್ದವು. ಬೇಸಿಗೆಗೊಮ್ಮೆ ಅವನ್ನು ಎಣಿಸಿ ಕಚೇರಿಗೆ ಹೇಳಬೇಕು. ಐವತ್ತು ದಾಟಿದರೆ ಮಾತ್ರ, ದಾಟಿದಷ್ಟನ್ನು ಹೊಡೆಯಲು ಪರವಾನಗಿ. ಆ ಕಾವಲಿನ ಕಟ್ಟಳೆ ಅದು.

1938ರ ಬೇಸಿಗೆ. ಮೂರು ದಿನ ಬೆಳಗಿನ ಹೊತ್ತು ನೀರಿನ ಕುಂಟೆಯ ಪಕ್ಕ ಬಂಡೆ ಹಿಂದೆ ಕೂತು, ನೀರಿಗೆ ಬಂದ ಒಂದೊಂದು ಜಿಂಕೆಗೂ ಒಂದೊಂದು ಹೊಂಗೆ ಬೀಜ ಟವೆಲಿಗೆ ಹಾಕಿಕೊಂಡ. ಮೂರು ದಿನವೂ ಇಪ್ಪತ್ತೇ. ನಮ್ಮ ಕಡೆಯವರು ಮಾತು ಕನ್ನಡದಲ್ಲಾಡಿದರೂ ಎಣಿಸುವುದು ತೆಲುಗಿನಲ್ಲಿ. ಕಚೇರಿಯಲ್ಲಿ ಗುಮಾಸ್ತ ಕೇಳಿದಾಗ ಬಾಯಿಗೆ ಬಂದದ್ದೂ ಅದೇ.

"ಇರವೈ ಅವೆ ಸ್ವಾಮಿ."

ಇರವೈ ಅಂದರೆ ಇಪ್ಪತ್ತು. ಮೈಸೂರಿನಿಂದ ಹೊಸದಾಗಿ ಬಂದಿದ್ದ ಆ ಗುಮಾಸ್ತನ ಕಿವಿಗೆ ಅದು ಅರವತ್ತು ಅಂತ ಬಿತ್ತು. ಏನಯ್ಯಾ ಅಂದೆ ಎಂದು ಇನ್ನೊಂದು ಸಲ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಅರವತ್ತು ಅಂತ ಬರೆದು, ಓದಲು ಬಾರದ ದೊಡ್ಡಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ.

ತಿಂಗಳೊಳಗೆ ಹತ್ತು ಜಿಂಕೆಗೆ ಪರವಾನಗಿ ಹಿಡಿದು ದೊಡ್ಡವರ ಕಾರು ಬಂತು. ದೊಡ್ಡಪ್ಪ ಬಿಸಿಲಲ್ಲೇ ಕಚೇರಿಗೆ ಓಡಿದ.

"ಇರೋದೇ ಇಪ್ಪತ್ತು ಸ್ವಾಮಿ! ಬಂದು ನೋಡಿ, ನಾನೇ ತೋರಿಸ್ತೀನಿ."

"ಹೆಬ್ಬೆಟ್ಟು ಒತ್ತಿದೋನು ನೀನೇ ತಾನೇ? ಸರ್ಕಾರದ ಕಾಗದ ತಿದ್ದೋಕಾಗಲ್ಲ, ಹೋಗು," ಅಂದ ಗುಮಾಸ್ತ.

ದೊಡ್ಡಪ್ಪ ಕಾವಲಿಗೆ ವಾಪಸ್ಸು ಬರುವಷ್ಟರಲ್ಲಿ ಹತ್ತನ್ನೂ ಕಾರಿನ ಪಕ್ಕ ಸಾಲಾಗಿ ಮಲಗಿಸಿದ್ದರು. ಅದರಲ್ಲಿ ಮೂರು ಗಬ್ಬದವು. ಥೂ, ಅವರ ಶಿಕಾರಿಗಿಷ್ಟು! ದೊಡ್ಡಪ್ಪ ಎರಡು ದಿನ ಮುದ್ದೆ ಮುಟ್ಟಲಿಲ್ಲ.

ಮುಂದಿನ ಬೇಸಿಗೆ ಅದೇ ಗುಮಾಸ್ತನ ಮುಂದೆ ನಿಂತು, ಕನ್ನಡದಲ್ಲೇ, ಎರಡೂ ಕೈಯ ಬೆರಳು ಬಿಡಿಸಿ "ಹತ್ತು" ಅಂದ.

ಗುಮಾಸ್ತ ಹಳೆಯ ಕಾಗದ ತೆಗೆದ. ಅರವತ್ತರಲ್ಲಿ ಹತ್ತು ಹೋದರೆ ಐವತ್ತಿರಬೇಕು.

"ಮಿಕ್ಕ ನಲವತ್ತನ್ನ ಯಾರಿಗೆ ಮಾರ್ಕೊಂಡ್ಯೋ?"

ಜೀವಮಾನದಲ್ಲಿ ಕಚೇರಿಯವರಿಗೆ ಏಕವಚನ ಆಡದ ಮನುಷ್ಯ, ತನ್ನ ಗಾರ್ಡ್ ಪಟ್ಟಿಯ ಹಿತ್ತಾಳೆ ಬಿಲ್ಲೆ ಕಿತ್ತು ಮೇಜಿಗೆ ಬಡಿದ.

"ಆ ನಲವತ್ತು ಹುಟ್ಟಿದ್ದು ನಿನ್ನ ಮಸಿಕುಡಿಕೇಲಿ ಕಣೋ! ಅಲ್ಲೇ ಹುಡುಕ್ಕೋ!"

ಕೆಲಸ ಹೋಯಿತು. ಇಲ್ಲದ ಜಿಂಕೆಗಳನ್ನು ಕದ್ದವನೆಂಬ ಹೆಸರು ಸಾಯುವ ತನಕ ಉಳಿಯಿತು. ಊರಿನವರೂ ನಂಬಿದರು, ಅದು ನನಗೆ ಇನ್ನೂ ದೊಡ್ಡ ಸಿಟ್ಟು.

ಅವನ ಜಾಗಕ್ಕೆ ಬಂದ ಗಾರ್ಡ್ ಜಾಣ. ತನ್ನ ತಲೆಗೂ ಕಳವು ಬರಬಾರದೆಂದು, ಕಾವಲಿಗೆ ಕಾಲೇ ಇಡದೆ, ಕಾಗದದಲ್ಲಿ ತಿದ್ದದೆ ಉಳಿದಿದ್ದ ಐವತ್ತು, ಮರಿ ಹಾಕಿ ಅರವತ್ತಾಗಿವೆ ಎಂದು ಹೇಳಿಬಿಟ್ಟ. ಗುಮಾಸ್ತ ಖುಷಿಯಾಗಿ ಬರೆದುಕೊಂಡ. ಅದೇ ಕಾರು ಹತ್ತು ಜಿಂಕೆಗೆ ಪರವಾನಗಿ ಹಿಡಿದು ಮತ್ತೆ ಬಂತು. ಕಾವಲಿನಲ್ಲಿ ಉಳಿದಿದ್ದೂ ಹತ್ತೇ.